ಮೂಗಿಗೆ ಉಪವಾಸವಿಲ್ಲ

ವಿಗಿಲಿಯಾ ಎಂದರೆ ಕ್ರಿಸ್‌ಮಸ್ಸಿನ ಹಿಂದಿನ ದಿನ. ಅಂದು ಆಕಾಶದಲ್ಲಿ ಮೊದಲ ನಕ್ಷತ್ರ ಕಾಣುವವರೆಗೆ ಲಿಯೊಕಾದಿಯಾಳ ಮನೆಯಲ್ಲಿ ಯಾರೂ ಏನನ್ನೂ ಬಾಯಿಗೆ ಹಾಕುವಂತಿರಲಿಲ್ಲ. ಅಡುಗೆ ಮಾಡುವವಳೂ ಅಷ್ಟೆ. ಹನ್ನೆರಡು ಅಪೊಸ್ತಲರ ಹೆಸರಿನಲ್ಲಿ ಹನ್ನೆರಡು ಬಗೆ ಬೇಯಿಸಬೇಕು, ಒಂದನ್ನೂ ರುಚಿ ನೋಡಬಾರದು. ಹಾಗಾದರೆ ಹದ ತಿಳಿಯುವುದು ಹೇಗೆ? ಐವತ್ತು ವರ್ಷದ ಹಿಂದೆ ಇದೇ ಅಡುಗೆಮನೆಯಲ್ಲಿ ನಿಂತು ಲಿಯೊಕಾದಿಯಾ ತನ್ನ ಅತ್ತೆಯನ್ನು ಕೇಳಿದ್ದಳು. ಅತ್ತೆ ತನ್ನ ಉದ್ದ ಮೂಗಿನ ಮೇಲೆ ಬೆರಳಿಟ್ಟು, "ಇದಕ್ಕೆ ಉಪವಾಸ ಇಲ್ಲ ಕಣೆ" ಎಂದಿದ್ದಳು.

ಅಂದಿನಿಂದ ಲಿಯೊಕಾದಿಯಾ ಮೂಗನ್ನೇ ಪಳಗಿಸಿಕೊಂಡಳು. ಹಿಟ್ಟು ಹುದುಗಿದ್ದು, ಮೀನು ಹಳತಾಗಿದ್ದು, ಗಸಗಸೆಗೆ ಒಂದು ಚಮಚ ಜೇನು ಕಡಿಮೆಯಾಗಿದ್ದು, ಎಲ್ಲ ಅವಳಿಗೆ ಬಾಗಿಲಲ್ಲೇ ಗೊತ್ತಾಗುತ್ತಿತ್ತು. ಭೂಮಧ್ಯರೇಖೆಯ ದಕ್ಷಿಣದ ಪರಾನಾ ಸೀಮೆಯಲ್ಲಿ, ಪೋಲೆಂಡಿನಿಂದ ವಲಸೆ ಬಂದವರ ಆ ಕಾಲೊನಿಯಲ್ಲಿ ಹಬ್ಬದ ದಿನ ನೆರೆಯ ಹೆಂಗಸರು ಪಾತ್ರೆಗೆ ಬಟ್ಟೆ ಮುಚ್ಚಿಕೊಂಡು ಬೇಲಿ ದಾಟಿ ಬರುತ್ತಿದ್ದರು. ಅವಳು ಬಟ್ಟೆಯ ಒಂದು ಮೂಲೆ ಎತ್ತಿ, ಮೂಸಿ, ತೀರ್ಪು ಕೊಡುತ್ತಿದ್ದಳು. ಪಾದ್ರಿಯ ತಪ್ಪೊಪ್ಪಿಗೆಯ ಗೂಡಿನ ಮುಂದೆ ನಿಲ್ಲುವುದಕ್ಕಿಂತ ಉದ್ದದ ಸಾಲು ಇವಳ ಅಡುಗೆಮನೆಯ ಮುಂದೆ ನಿಲ್ಲುತ್ತದೆ ಎಂದು ಗಂಡ ಬದುಕಿದ್ದಾಗ ಚುಡಾಯಿಸುತ್ತಿದ್ದ.

ಈ ವರ್ಷ ಅಲ್ಲಿನ ಚಳಿಗಾಲವಾದ ಜೂನ್ ತಿಂಗಳಲ್ಲಿ ಬಂದ ಜ್ವರ ಆ ಮೂಗನ್ನು ತೆಗೆದುಕೊಂಡು ಹೋಯಿತು. ಜ್ವರ ಬಿಟ್ಟಿತು, ಕೆಮ್ಮು ಬಿಟ್ಟಿತು, ವಾಸನೆ ಮಾತ್ರ ಮರಳಲಿಲ್ಲ. ಕಾಫಿ ಬಿಸಿನೀರಾಯಿತು, ಸಾಬೂನು ಬರೀ ಜಾರುವ ಕಲ್ಲಾಯಿತು. ನಾಲಿಗೆಗೆ ಉಪ್ಪು, ಹುಳಿ, ಸಿಹಿ, ಕಹಿ ತಿಳಿಯುತ್ತಿತ್ತು. ಅದರಾಚೆಗೆ ಗೋಡೆ. ಊರಲ್ಲಿ ಇನ್ನೂ ಕೆಲವರಿಗೆ ಹೀಗಾಗಿ ಮೂರು ವಾರಕ್ಕೆ ಸರಿಹೋಗಿತ್ತು. ಮೂರು ವಾರ ಕಾದಳು, ಮೂರು ತಿಂಗಳು ಕಾದಳು. ಯಾರಿಗೂ ಹೇಳಲಿಲ್ಲ.

ಹೇಳದಿರಲು ಕಾರಣವಿತ್ತು. ಮಗಳು ವಾಂದಾ ಕುರಿತಿಬಾ ನಗರದಲ್ಲಿ ಎಂಟನೇ ಮಹಡಿಯ ಮನೆಯಲ್ಲಿದ್ದಳು. ಆಗಸ್ಟಿನಲ್ಲಿ ಅವಳು ಬಂದಿದ್ದಾಗ ಒಲೆಯ ಮೇಲೆ ಹಾಲು ಹೊತ್ತಿ ಕರಕಲಾಗುತ್ತಿದ್ದರೂ ತಾಯಿ ಎರಡು ಮಾರು ದೂರದಲ್ಲಿ ಕೂತು ಹಾಯಾಗಿ ಹುರುಳಿಕಾಯಿ ಮುರಿಯುತ್ತಿದ್ದಳು. ಸೆಪ್ಟೆಂಬರಿನಲ್ಲಿ ಮತ್ತೆ ಬಂದಾಗ ಗ್ಯಾಸ್ ತೆರೆದೇ ಇತ್ತು. ಅಮ್ಮನಿಗೆ ಮರೆವು ಹಿಡಿಯುತ್ತಿದೆ ಎಂದು ವಾಂದಾ ತೀರ್ಮಾನಿಸಿದಳು. ಮುಂದಿನ ವರ್ಷದಿಂದ ವಿಗಿಲಿಯಾ ನಮ್ಮ ಮನೆಯಲ್ಲೇ ಆಗಲಿ, ಚರ್ಚಿನ ಹೆಂಗಸರು ಹನ್ನೆರಡೂ ಬಗೆ ಮಾಡಿ ಡಬ್ಬಿಯಲ್ಲಿ ಕೊಡುತ್ತಾರೆ, ಅಮ್ಮನೂ ಅಲ್ಲೇ ಬಂದು ಇರಲಿ ಎಂದು ತಮ್ಮ ತಾದೇವುಗೆ ಫೋನಿನಲ್ಲಿ ಹೇಳಿದಳು. ಅವನು ಚಹದಂತೆ ಕುಡಿಯುವ ಮಾಟೆ ಎಲೆ ಒಣಗಿಸುವ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತ ಇದೇ ಮನೆಯಲ್ಲಿದ್ದ. ಹೌದೂ ಅನ್ನಲಿಲ್ಲ, ಇಲ್ಲವೂ ಅನ್ನಲಿಲ್ಲ. ಕೊನೆಗೆ, ಈ ಸಲದ ಊಟ ನೋಡೋಣ, ಎಲ್ಲ ಸರಿಯಾಗಿದ್ದರೆ ಆ ಮಾತು ಬೇಡ ಎಂದು ಅಕ್ಕ ತಮ್ಮ ಒಪ್ಪಿಕೊಂಡರು. ತಾದೇವು ಫೋನಿನ ಸ್ಪೀಕರ್ ಹಾಕಿದ್ದ, ಲಿಯೊಕಾದಿಯಾ ಪಕ್ಕದ ಕೋಣೆಯಲ್ಲಿ ಇಸ್ತ್ರಿ ಮಾಡುತ್ತ ಎಲ್ಲ ಕೇಳಿಸಿಕೊಂಡಳು. ಕಿವಿ ಚೆನ್ನಾಗಿಯೇ ಇತ್ತು.

ಅವಳು ಉಪಾಯ ಹೂಡಿದಳು. ತಾದೇವುನ ಹೆಂಡತಿ ಜುಸಾರಾ ಬಾಹಿಯಾದವಳು, ಬಿಸಿಲಿನ, ಕಡಲಿನ, ತಾಳೆ ಎಣ್ಣೆಯ ಸೀಮೆಯವಳು. ಪಟ್ಟಣದ ಔಷಧಿ ಅಂಗಡಿಯಲ್ಲಿ ಕೆಲಸ. ಮದುವೆಯಾಗಿ ಬಂದ ಮೊದಲ ವಾರ ಅವಳು ತಾಳೆ ಎಣ್ಣೆಯಲ್ಲಿ ಏನೋ ಕರಿದಾಗ ಅದರ ಘಾಟು ತಾಳದೆ ಲಿಯೊಕಾದಿಯಾ ಎಲ್ಲ ಕಿಟಕಿ ತೆರೆದು, ಪರದೆಗಳನ್ನು ಬಿಚ್ಚಿ ಒಗೆದಿದ್ದಳು. ಆಮೇಲೆ ನಾಲ್ಕು ವರ್ಷ ಆ ಎಣ್ಣೆಯ ಬಾಟಲಿ ಬೀರುವಿನ ಹಿಂದೆಯೇ ಉಳಿಯಿತು. ಅತ್ತೆ ಸೊಸೆಯ ನಡುವೆ ಜಗಳವಿರಲಿಲ್ಲ, ಮಾತೂ ಹೆಚ್ಚಿರಲಿಲ್ಲ.

ಸೆಪ್ಟೆಂಬರ್ ಕೊನೆಯಲ್ಲೊಂದು ದಿನ ಲಿಯೊಕಾದಿಯಾ ಸೊಸೆಯನ್ನು ಕರೆದು ಪಾತ್ರೆಯ ಮುಚ್ಚಳ ತೆಗೆದಳು. "ಮೂಸು. ಏನು ವಾಸನೆ ಬರ್ತಿದೆ ಹೇಳು" ಎಂದಳು.

ಪರೀಕ್ಷೆ ಎಂದುಕೊಂಡ ಜುಸಾರಾ ಕಣ್ಣು ಮುಚ್ಚಿ ಮೂಸಿದಳು. ಅವಳ ಉತ್ತರಗಳು ವಿಚಿತ್ರವಾಗಿದ್ದವು. ಒಣ ಅಣಬೆ ಚೆನ್ನಾಗಿ ನೆಂದಾಗ "ನಮ್ಮೂರ ದೋಣಿಯ ತಳ" ಎನ್ನುತ್ತಿದ್ದಳು. ಹಿಟ್ಟು ಹದವಾಗಿ ಹುದುಗಿದಾಗ "ಮಗುವಿನ ನೆತ್ತಿ". ಲಿಯೊಕಾದಿಯಾಗೆ ಬೇಕಿದ್ದುದು ಆಯಿತು ಅಥವಾ ಆಗಿಲ್ಲ, ಎರಡರಲ್ಲೊಂದು. ಮೊದಮೊದಲು ಸಿಟ್ಟು ಬಂತು. ಬರಬರುತ್ತ ದೋಣಿಯ ತಳ ಎಂದರೇನು, ಮಗುವಿನ ನೆತ್ತಿ ಎಂದರೇನು ಎಂದು ಅರ್ಥ ಹಚ್ಚಿಕೊಂಡಳು. ಸಂಜೆ ಜುಸಾರಾ ಬರುವ ಬಸ್ಸಿಗೆ ಕಾದು, ಅವಳ ಕೈಚೀಲ ಇಳಿಸುವ ಮೊದಲೇ ಮುಚ್ಚಳ ತೆಗೆಯುತ್ತಿದ್ದಳು. ಅತ್ತೆ ಕೊನೆಗೂ ಸೊಸೆಗೆ ವಿದ್ಯೆ ಕೊಡುತ್ತಿದ್ದಾಳೆ ಎಂದು ಕಾಲೊನಿಯಲ್ಲಿ ಮಾತಾಯಿತು. ಜುಸಾರಾ ಬಾಹಿಯಾದಲ್ಲಿದ್ದ ತಾಯಿಗೆ ಫೋನು ಮಾಡಿ, ನನ್ನನ್ನೇ ಆರಿಸಿಕೊಂಡಿದ್ದಾರೆ ಕಣಮ್ಮ ಎಂದು ಹೇಳಿದ್ದನ್ನೂ ಲಿಯೊಕಾದಿಯಾ ಕೇಳಿಸಿಕೊಂಡಳು. ಅವತ್ತು ರಾತ್ರಿ ಪ್ರಾರ್ಥನೆಯ ಮಣಿ ಎಣಿಸುವಾಗ ಎರಡು ಸಲ ಲೆಕ್ಕ ತಪ್ಪಿತು.

ಡಿಸೆಂಬರ್ ಹದಿನಾರಕ್ಕೆ ಬೀಟ್‌ರೂಟ್ ಹುಳಿಗಿಟ್ಟಳು. ಮಣ್ಣಿನ ಜಾಡಿಯಲ್ಲಿ ಬೀಟ್‌ರೂಟ್ ಹೋಳು, ಬೆಳ್ಳುಳ್ಳಿ, ನೀರು, ಮೇಲೊಂದು ರೈ ಬ್ರೆಡ್ಡಿನ ತುಣುಕು. ಎಂಟು ದಿನಕ್ಕೆ ಅದು ಕೆಂಪು ಹುಳಿನೀರಾಗುತ್ತದೆ. ವಿಗಿಲಿಯಾದ ಮೊದಲ ಬಗೆಯಾದ ಸಾರು ಅದರದ್ದೇ. ಪೋಲೆಂಡಿನ ಹಿಮದಲ್ಲಿ ಹುಟ್ಟಿದ ಈ ಲೆಕ್ಕ ಪರಾನಾದ ಡಿಸೆಂಬರ್ ಸೆಕೆಯಲ್ಲಿ ತಲೆಕೆಳಗಾಗುತ್ತದೆ. ಎಂಟು ದಿನದ್ದು ಐದಕ್ಕೇ ಆಗಬಹುದು, ಆರಕ್ಕೆ ಕೆಡಬಹುದು. ಅದಕ್ಕೇ ದಿನಾ ಬೆಳಿಗ್ಗೆ ಜಾಡಿ ಮೂಸಬೇಕು. ಮೊದಲ ಐದು ದಿನ ಜುಸಾರಾ ಮೂಸಿದಳು. ಹಬ್ಬದ ವಾರ ಅಂಗಡಿಯಲ್ಲಿ ಕೆಲಸ ಹೆಚ್ಚಿ ಅವಳು ಮುಂಜಾನೆಯ ಬಸ್ಸಿಗೇ ಹೊರಟು ತಡರಾತ್ರಿ ಬಂದು ಮಲಗತೊಡಗಿದಳು. ಮುಂಜಾನೆಯೇ ಕರೆದು ಕೇಳಿದರೆ ಅನುಮಾನ ಬಂದೀತೆಂದು ಲಿಯೊಕಾದಿಯಾ ಸುಮ್ಮನಾದಳು. ಮೇಲೆ ಕಟ್ಟಿದ ಬಿಳಿ ಪೊರೆಯನ್ನು ಚಮಚದಲ್ಲಿ ತೆಗೆದಳು. ಪೊರೆ ಪ್ರತಿ ವರ್ಷವೂ ಕಟ್ಟುತ್ತಿತ್ತು. ಬಣ್ಣ ಮಾಣಿಕ್ಯದಂತಿತ್ತು.

ಇಪ್ಪತ್ತನಾಲ್ಕರ ಮಧ್ಯಾಹ್ನದ ಹೊತ್ತಿಗೆ ಹನ್ನೊಂದು ಬಗೆ ಸಾಲಾಗಿ ಬಟ್ಟೆ ಹೊದ್ದು ಕೂತಿದ್ದವು. ಗೋದಲಿಯ ನೆನಪಿಗೆ ಮೇಜಿಗೆ ಹುಲ್ಲು ಹಾಸಿ ಅದರ ಮೇಲೆ ಬಿಳಿ ವಸ್ತ್ರ ಹಾಸಿಯಾಗಿತ್ತು. ಬಾರದ ಅತಿಥಿಗೆಂದು ಒಂದು ತಟ್ಟೆ ಹೆಚ್ಚಿಗೆ ಇಟ್ಟಾಗಿತ್ತು. ಲಿಯೊಕಾದಿಯಾ ಹುಳಿನೀರನ್ನು ಸೋಸಿ, ಅಣಬೆ ನೆನೆಸಿದ ನೀರಿನ ಅರ್ಧವನ್ನು ಅದಕ್ಕೆ ಬೆರೆಸಿ ಒಲೆಯ ಮೇಲಿಟ್ಟಳು. ಸಾರು ಬಿಸಿಯಾಗುತ್ತಿರುವಾಗ ಜುಸಾರಾ ಕೆಲಸ ಮುಗಿಸಿ ಬಂದಳು. ಅವಳು ಹಿತ್ತಿಲ ಬಾಗಿಲಲ್ಲೇ ನಿಂತುಬಿಟ್ಟಳು.

"ಅತ್ತೆ, ಇದೇನು ವಾಸನೆ?"

"ಸಾರು."

"ಸಾರಲ್ಲ ಇದು. ಹೂದಾನೀಲಿ ವಾರಗಟ್ಟಲೆ ನಿಂತ ನೀರಿನ ಥರ ಇದೆ." ಅವಳು ಒಳಗೆ ಬಂದು ಪಾತ್ರೆಯ ಮೇಲೆ ಬಗ್ಗಿದಳು, ತಟ್ಟನೆ ಹಿಂದೆ ಸರಿದಳು. "ಕೊಳೆತಿದೆ. ನಿಮಗೆ ಗೊತ್ತಾಗ್ತಿಲ್ವಾ?"

ಲಿಯೊಕಾದಿಯಾ ಸೌಟು ಹಿಡಿದು ನಿಂತಿದ್ದಳು. ಮುಖ ಸಾರಿನ ಆವಿಯಲ್ಲೇ ಇತ್ತು. ಅವಳಿಗೆ ಬಿಸಿ ಮಾತ್ರ ತಾಗುತ್ತಿತ್ತು. ಸುಳ್ಳು ಹೇಳಲು ಬಾಯಿ ತೆರೆದಳು, ಸುಳ್ಳು ಸಿಗಲಿಲ್ಲ.

"ನಂಗೇನೂ ಗೊತ್ತಾಗಲ್ಲ ಕಣೆ. ಜೂನಿಂದ ಗೊತ್ತಾಗಲ್ಲ."

ಜುಸಾರಾ ಒಲೆ ಆರಿಸಿದಳು. ಅವಳ ಮುಖದಲ್ಲಿ ಮೊದಲು ಕನಿಕರ ಬಂತು. ಆಮೇಲೆ ಅವಳು ಏನನ್ನೋ ಎಣಿಸತೊಡಗಿದಳು. ಜೂನ್, ಸೆಪ್ಟೆಂಬರ್. ಬಸ್ಸಿಗೆ ಕಾದದ್ದು, ಮುಚ್ಚಳ ತೆಗೆದದ್ದು, ಮೂಸು ಎಂದದ್ದು. ಎಣಿಕೆ ಮುಗಿದಾಗ ಕನಿಕರ ಇರಲಿಲ್ಲ.

"ಹಾಗಾದ್ರೆ ನನಗೆ ಕಲಿಸಿದ್ದು?" ಎಂದಳು. "ಅದು ಕಲಿಸಿದ್ದಲ್ಲ. ನನ್ನ ಮೂಗು ಬೇಕಿತ್ತು ನಿಮಗೆ."

"ಮೂಗು ಬೇಕಿತ್ತು" ಎಂದಳು ಲಿಯೊಕಾದಿಯಾ. ಇವತ್ತಿನ ದಿನ ಇನ್ನೊಂದು ಸುಳ್ಳು ಬೇಡವೆನಿಸಿತು.

"ನಾನು ಊರಿಗೆಲ್ಲ ಹೇಳ್ಕೊಂಡು ಬಂದೆ."

"ಕೇಳಿಸ್ಕೊಂಡೆ."

ಜುಸಾರಾ ಕೈಚೀಲವನ್ನು ಮತ್ತೆ ಹೆಗಲಿಗೆ ಹಾಕಿಕೊಂಡಳು. ಎಲ್ಲಿಗೆ ಹೋಗಬೇಕೆಂದು ಅವಳಿಗೂ ಗೊತ್ತಿರಲಿಲ್ಲ. ಬಾಹಿಯಾ ಬಸ್ಸಿನಲ್ಲಿ ಎರಡು ದಿನದ ದಾರಿ. ಕೊನೆಗೆ ಚೀಲವನ್ನು ಗೂಟಕ್ಕೆ ನೇತುಹಾಕಿದಳು.

"ಜಗಳ ಆಮೇಲೆ ಆಡ್ತೀನಿ" ಎಂದಳು. "ಬಿಡಲ್ಲ ನಿಮ್ಮನ್ನ. ಈಗ ಇದನ್ನ ಚೆಲ್ಲೋಣ, ಹಿಡ್ಕೊಳ್ಳಿ ಆ ಕಡೆ."

ಇಬ್ಬರೂ ಪಾತ್ರೆಯನ್ನು ಹಿತ್ತಿಲಿಗೆ ಹೊತ್ತು ನಿಂಬೆಗಿಡದ ಬುಡಕ್ಕೆ ಸುರಿದರು. ಕೋಳಿ ಕುಯ್ದ ಜಾಗದಂತೆ ನೆಲ ಕೆಂಪಾಯಿತು. ಸರಿಯಾಗಿ ಅದೇ ಹೊತ್ತಿಗೆ ವಾಂದಾಳ ಕಾರು ಗೇಟಿನೊಳಗೆ ಬಂತು. ಗಂಡ ಒಸ್ಮಾರ್, ಮಗಳು ಮಿಲೆನಾ ಇಳಿದರು. ವಾಂದಾ ನೆಲ ನೋಡಿದಳು, ತಾಯಿಯ ಮುಖ ನೋಡಿದಳು, ಏನಾಯಿತೆಂದು ಕೇಳಿದಳು. ಜಾಡಿ ತೊಳೆದ ನೀರು ಚೆಲ್ಲಿದೆವು ಎಂದು ಜುಸಾರಾ ಹೇಳಿದಳು. ಹೇಳಿ ಅತ್ತೆಯ ಕಡೆ ತಿರುಗಿಯೂ ನೋಡದೆ ಒಳಗೆ ಹೋದಳು.

ತೋಟದಲ್ಲಿ ನಾಲ್ಕು ಬೀಟ್‌ರೂಟ್ ಉಳಿದಿದ್ದವು. ಲಿಯೊಕಾದಿಯಾ ಅವನ್ನು ಕಿತ್ತು ತಂದು ತುರಿದಳು. ಬಣ್ಣ ಸಿಕ್ಕಿತು, ಹುಳಿ ಎಲ್ಲಿಂದ? ಎಲೆಕೋಸು ಹುಳಿಸಿದ ಪೀಪಾಯಿ ನೆಲಮಾಳಿಗೆಯಲ್ಲಿತ್ತು. ಜುಸಾರಾ ಇಳಿದು ಹೋಗಿ ಮೂಸಿ, ಇದು ಚೆನ್ನಾಗಿದೆ ಎಂದು ಕೂಗಿ ಹೇಳಿ, ಒಂದು ಚೊಂಬು ಹುಳಿನೀರು ತಂದಳು. ಅಣಬೆ ನೆನೆಸಿದ ನೀರು ಅರ್ಧ ಉಳಿದಿತ್ತಲ್ಲ, ಅದನ್ನೂ ಸೇರಿಸಿದರು. ಜುಸಾರಾ ಮೂಸಿ ಮೂಸಿ ಹೇಳುತ್ತ ಹೋದಳು, ಲಿಯೊಕಾದಿಯಾ ಹಾಕುತ್ತ ಹೋದಳು. ಬೇಕಾದ ಮಾತು ಬಿಟ್ಟರೆ ಇನ್ನೊಂದು ಮಾತಿರಲಿಲ್ಲ. ಬೆಳ್ಳುಳ್ಳಿ ಸಾಲದು. ಮೆಣಸು ಸಾಕು. ಇನ್ನೊಂದು ಕುದಿ.

ಕೊನೆಗೆ ಉಪ್ಪಿಗೆ ಬಂದು ನಿಂತರು. ಪ್ರತಿ ವರ್ಷ ಉಪ್ಪು ಕೈಯಳತೆಯದು. ಇಷ್ಟು ನೀರಿಗೆ ಇಷ್ಟು ಹಿಡಿ. ಇವತ್ತು ಕೋಸಿನ ನೀರಿನಲ್ಲೇ ಉಪ್ಪಿತ್ತು, ಎಷ್ಟೆಂದು ಯಾರಿಗೂ ತಿಳಿಯದು. ಉಪ್ಪಿಗೆ ವಾಸನೆಯಿಲ್ಲ.

"ನಾನು ನೋಡ್ತೀನಿ ಬಿಡಿ" ಎಂದಳು ಜುಸಾರಾ. "ನಮ್ಮ ಕಡೆ ಈ ಉಪವಾಸ ಎಲ್ಲ ಇಲ್ಲ. ನನಗೆ ಪಾಪ ಹತ್ತಲ್ಲ."

"ನಾಲ್ಕು ವರ್ಷದಿಂದ ನಕ್ಷತ್ರ ಕಾಣೋ ತನಕ ನೀರು ಬಿಟ್ರೆ ಏನೂ ಮುಟ್ಟಿಲ್ಲ ನೀನು. ನಾನು ನೋಡಿಲ್ಲ ಅಂದ್ಕೊಂಡಿದೀಯಾ?" ಲಿಯೊಕಾದಿಯಾ ಅವಳ ಕೈಯಿಂದ ಚಮಚ ತೆಗೆದುಕೊಂಡಳು. "ಕೆಟ್ಟಿದ್ದು ನನ್ನ ಮೂಗು. ನಿನ್ನ ನಾಲಿಗೆ ಯಾಕೆ ಕೆಡಬೇಕು. ಉಪ್ಪು, ಹುಳಿ ನಂಗಿನ್ನೂ ಗೊತ್ತಾಗುತ್ತೆ."

ಎಪ್ಪತ್ತೊಂದು ವರ್ಷದಲ್ಲಿ ಅವಳು ಒಮ್ಮೆಯೂ ಮಾಡದ ಕೆಲಸ ಅದು. ಹೆರಿಗೆಯಾಗಿ ಹತ್ತೇ ದಿನವಾಗಿದ್ದ ವರ್ಷವೂ ಮಾಡಿರಲಿಲ್ಲ. ಚಮಚದಲ್ಲಿ ಸಾರು ತೆಗೆದು, ಊದಿ, ಬಾಯಿಗಿಟ್ಟಳು. ಉಪ್ಪು ಕಡಿಮೆಯಿತ್ತು. ಕಾಲು ಹಿಡಿಯಷ್ಟು ಹಾಕಿ ತಿರುವಿ, ಇನ್ನೊಂದು ಚಮಚ ತೆಗೆದು ನಾಲಿಗೆಗೆ ಮುಟ್ಟಿಸುವಾಗ ವಾಂದಾ ಬಾಗಿಲಲ್ಲಿ ನಿಂತಿದ್ದಳು.

ವಾಂದಾ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಹತ್ತಿರ ಬಂದು, ತಾಯಿಯ ಕೈ ಹಿಡಿದು, ತೀರ ಮೆಲ್ಲಗೆ ಕೇಳಿದಳು. "ಅಮ್ಮ, ಇವತ್ತು ಯಾವ ದಿನ ಅಂತ ನೆನಪಿದೆಯಾ?"

ಅವಳ ಕಣ್ಣು ತುಂಬಿತ್ತು. ಲಿಯೊಕಾದಿಯಾಗೆ ಅರ್ಥವಾಯಿತು. ವಿಗಿಲಿಯಾದ ದಿನ ನಕ್ಷತ್ರಕ್ಕೆ ಮುಂಚೆ ಚಪ್ಪರಿಸುವ ಲಿಯೊಕಾದಿಯಾ ಎಂದರೆ ಮಗಳ ಲೆಕ್ಕದಲ್ಲಿ ಆಗಲೇ ಅರ್ಧ ಹೊರಟುಹೋದ ಲಿಯೊಕಾದಿಯಾ. ಜುಸಾರಾ ಏನೋ ಹೇಳಹೊರಟಳು. ಲಿಯೊಕಾದಿಯಾ ಮಗಳಿಗೆ ಕಾಣದಂತೆ ಅವಳ ಕಾಲನ್ನು ತನ್ನ ಕಾಲಿನಿಂದ ಒತ್ತಿದಳು. ಈಗ ಹೇಳಿದರೆ ಡಾಕ್ಟರು, ಗ್ಯಾಸು, ಹಾಲು, ಯಾಕೆ ಮುಚ್ಚಿಟ್ಟೆ ಎಂದು ರಾದ್ಧಾಂತವಾಗುತ್ತದೆ. ಊಟಕ್ಕೆ ಮುಂಚೆ ಎಲ್ಲರೂ ಹಂಚಿಕೊಳ್ಳುವ ಬಿಳಿ ರೊಟ್ಟಿ ಬಿಲ್ಲೆ ಕೈಗೆ ಬರಲಿ ಎಂದುಕೊಂಡಳು. ಬಿಲ್ಲೆ ಕೈಯಲ್ಲಿರುವಾಗ ಈ ಮನೆಯಲ್ಲಿ ಯಾರೂ ಸುಳ್ಳಾಡಿದ್ದಿಲ್ಲ, ಯಾರೂ ಯಾರನ್ನೂ ಬೈದಿದ್ದಿಲ್ಲ.

"ನೆನಪಿದೆ" ಎಂದಷ್ಟೇ ಹೇಳಿದಳು. ವಾಂದಾ ತಲೆಯಾಡಿಸಿ ಹೊರಗೆ ಹೋದಳು. ಜಗಲಿಯಲ್ಲಿ ಅವಳು ತಮ್ಮನೊಂದಿಗೆ ಪಿಸುಗುಟ್ಟುವುದು ಕೇಳಿಸಿತು.

ಬೇಸಗೆಯ ಸಂಜೆ ಎಳೆದಷ್ಟೂ ಉದ್ದವಾಯಿತು. ಮಿಲೆನಾ ಬೇಲಿಯ ಕಂಬ ಹತ್ತಿ ಕೂತು ಆಕಾಶ ಕಾಯುತ್ತಿದ್ದಳು. ಮೊದಲು ವಿಮಾನವೊಂದನ್ನು ನಕ್ಷತ್ರವೆಂದು ಕೂಗಿ ಒಸ್ಮಾರನನ್ನು ನಗಿಸಿದಳು. ಅವನ ಹೊಟ್ಟೆ ಬೆಳಗಿನಿಂದ ಗುರುಗುಟ್ಟುತ್ತಿತ್ತು, ವಿಮಾನವನ್ನೇ ಒಪ್ಪಿಕೊಳ್ಳೋಣ ಎಂದ. ಕೊನೆಗೆ ಪೈನ್ ಮರಗಳ ಮೇಲೆ ನಿಜವಾದದ್ದೇ ಕಾಣಿಸಿತು.

ಎಲ್ಲರೂ ಮೇಜಿನ ಸುತ್ತ ನಿಂತರು. ತಾದೇವು ಸುವಾರ್ತೆ ಓದಿದ. ಚರ್ಚಿನಿಂದ ತಂದ ಒಪ್ವಾತೆಕ್ ಎಂಬ ಬಿಳಿ ಬಿಲ್ಲೆಯನ್ನು, ಕಾಗದದಷ್ಟು ತೆಳುವಾದದ್ದನ್ನು, ಒಬ್ಬೊಬ್ಬರಿಗೂ ಹಂಚಿದ. ಒಬ್ಬರ ಬಿಲ್ಲೆಯಿಂದ ಇನ್ನೊಬ್ಬರು ಚೂರು ಮುರಿದು ತಿನ್ನಬೇಕು, ಹಾರೈಸಬೇಕು, ತಪ್ಪಾಗಿದ್ದರೆ ಕ್ಷಮೆ ಕೇಳಬೇಕು. ಹಿರಿಯಳಾದ ಲಿಯೊಕಾದಿಯಾಳಿಂದ ಮೊದಲು. ಅವಳು ಮಗಳ ಕಡೆ ಹೋಗುತ್ತಾಳೆ ಎಂದು ಎಲ್ಲರೂ ಕಾದರು. ಅವಳು ಮೇಜು ಸುತ್ತಿ ಜುಸಾರಾಳ ಮುಂದೆ ಹೋಗಿ ನಿಂತಳು.

"ಜೂನಲ್ಲಿ ನನ್ನ ಮೂಗು ಹೋಯ್ತು" ಎಂದಳು, ಎಲ್ಲರಿಗೂ ಕೇಳುವಂತೆ. "ಯಾರಿಗೂ ಹೇಳದೆ ಈ ಹುಡುಗಿಯ ಮೂಗನ್ನ ಕದ್ದು ಬಳಸಿಕೊಂಡೆ. ಅವಳು ನನ್ನ ಶಿಷ್ಯೆ ಅಂದ್ಕೊಂಡಿದ್ಲು. ಇವತ್ತು ಸಾರು ಕೆಡಿಸಿದವಳು ನಾನು, ಉಳಿಸಿದವಳು ಇವಳು. ನಕ್ಷತ್ರಕ್ಕೆ ಮುಂಚೆ ಎರಡು ಚಮಚ ಕುಡಿದವಳೂ ನಾನೇ. ಮರೆತು ಅಲ್ಲ, ನೆನಪಿದ್ದೇ ಕುಡಿದೆ." ಬಿಲ್ಲೆಯನ್ನು ಅವಳ ಮುಂದೆ ಹಿಡಿದಳು. "ಕ್ಷಮಿಸು ಮಗಳೇ. ಶುರುವಾಗಿದ್ದು ಕಳ್ಳತನದಲ್ಲಿ. ಆದ್ರೆ ಸಂಜೆ ನಿನ್ನ ಬಸ್ಸು ತಡವಾದಾಗ, ಪಾತ್ರೆ ಖಾಲಿ ಇದ್ರೂ ಗೇಟಿಗೆ ಹೋಗಿ ನಿಂತ್ಕೊತಿದ್ದೆ."

ಜುಸಾರಾ ಅತ್ತೆಯ ಬಿಲ್ಲೆಯ ಮೂಲೆಯೊಂದನ್ನು ಮುರಿದು ಬಾಯಿಗಿಟ್ಟುಕೊಂಡಳು. ತನ್ನದನ್ನು ಮುಂದೆ ಚಾಚಿದಳು.

ವಾಂದಾ ಕುರ್ಚಿಯ ಮೇಲೆ ಕುಸಿದಿದ್ದಳು. ಹೋದ ತಿಂಗಳು ತಾಯಿಯ ಮರೆವಿನ ಬಗ್ಗೆ ಕೇಳಲು ಡಾಕ್ಟರ ಹತ್ತಿರ ಹೋಗಿ ಬಂದೆ, ರಾತ್ರಿ ನಿದ್ದೆ ಬಿಟ್ಟೆ ಎಂದು ಹೇಳುತ್ತ ಹೇಳುತ್ತ ಅವಳು ಅಳುವುದೋ ನಗುವುದೋ ತಿಳಿಯದಂತಾದಳು. ಬಿಲ್ಲೆ ಕೈಯಲ್ಲಿದ್ದುದರಿಂದ ಬೈಯುವಂತಿರಲಿಲ್ಲ. ತಾಯಿಯನ್ನು ಅಪ್ಪಿಕೊಂಡು, ನಾಳೆ ಬೈಯುತ್ತೇನೆ ಎಂದಳು. ಆಮೇಲೆ ಕಣ್ಣೊರೆಸಿಕೊಂಡು, ಅವಳು ಯಾವಾಗಲೂ ಕೇಳುವಂತೆ ನೇರವಾಗಿ ಕೇಳಿದಳು. "ಸರಿ. ಮುಂದಿನ ವರ್ಷ ಮೂಸೋರು ಯಾರು?"

ಎಲ್ಲರ ಕಣ್ಣೂ ಜುಸಾರಾಳ ಮೇಲೆ ಬಿತ್ತು. ಲಿಯೊಕಾದಿಯಾ ಮಾತ್ರ ಮೇಜಿನ ವಸ್ತ್ರದ ಕೆಳಗಿನ ಹುಲ್ಲನ್ನು ಬೆರಳಿನಿಂದ ಸವರುತ್ತ ನಿಂತಳು. ಕೇಳುವ ಹಕ್ಕು ತನಗಿಲ್ಲವೆಂದು ಅವಳಿಗೆ ಗೊತ್ತಿತ್ತು.

"ನಾನು" ಎಂದಳು ಜುಸಾರಾ. "ಇದೇ ಮನೇಲಿ, ಇದೇ ಒಲೇಲಿ. ಉಪ್ಪು ಅತ್ತೆದು, ವಾಸನೆ ನಂದು. ಆದ್ರೆ ಹನ್ನೆರಡರಲ್ಲಿ ಒಂದು ಬಗೆ ನಮ್ಮೂರದ್ದು ಆಗ್ಬೇಕು. ಆ ಸಾರ್ಡೀನ್ ಮೀನಿನ ಬಗೆ ಹೇಗೂ ಯಾರೂ ತಿನ್ನಲ್ಲ. ಅದರ ಬದಲು ಬೆಂಡೆಕಾಯಿ, ಒಣ ಸೀಗಡಿ. ತಾಳೆ ಎಣ್ಣೇಲಿ."

ಒಗೆದ ಪರದೆಗಳು ಆ ಮನೆಯಲ್ಲಿ ಎಲ್ಲರಿಗೂ ನೆನಪಿದ್ದವು.

"ತಾಳೆ ಎಣ್ಣೇಲಾ?" ಎಂದಳು ಲಿಯೊಕಾದಿಯಾ.

"ತಾಳೆ ಎಣ್ಣೇಲೇ."

"ಹಾಕ್ಕೋ. ನಂಗೇನು, ವಾಸನೆ ಬರುತ್ತಾ?"

ಮೊದಲು ನಕ್ಕವನು ಒಸ್ಮಾರ್. ಆಮೇಲೆ ಎಲ್ಲರೂ ನಕ್ಕರು. ತಟ್ಟೆಗಳು ಸದ್ದು ಮಾಡಿದವು. ಮಿಲೆನಾ ಖಾಲಿ ತಟ್ಟೆಯ ಪಕ್ಕದಲ್ಲೇ ಕೂರುತ್ತೇನೆಂದು ಹಟ ಹಿಡಿದು ಕೂತಳು.

ಸಾರು ಬಡಿಸಿದರು. ಕೆಂಪಗೆ, ತಿಳಿಯಾಗಿತ್ತು, ಅದರಲ್ಲಿ ಅಣಬೆ ತುಂಬಿದ ಪುಟ್ಟ ಕಿವಿಯಾಕಾರದ ಕಡುಬುಗಳು ತೇಲುತ್ತಿದ್ದವು. ವಾಂದಾ ಒಂದು ಚಮಚ ಕುಡಿದು ಹುಬ್ಬೇರಿಸಿದಳು. ಪ್ರತಿ ವರ್ಷದ ಹಾಗಿಲ್ಲ ಎಂದಳು. ಸ್ವಲ್ಪ ಹೊತ್ತಿನ ಮೇಲೆ ಇನ್ನಷ್ಟು ಬಡಿಸಿಕೊಂಡಳು. ಲಿಯೊಕಾದಿಯಾ ಚಮಚ ಬಾಯಿಗಿಟ್ಟಳು. ಬಿಸಿ, ಉಪ್ಪು, ಹುಳಿ. ಆಮೇಲೆ ಗೋಡೆ. ಅವಳು ಕುರ್ಚಿಯನ್ನು ಸೊಸೆಯ ಕಡೆಗೆ ಎಳೆದುಕೊಂಡಳು.

"ಹೇಳು" ಎಂದಳು ಮೆಲ್ಲಗೆ. ಈ ಸಲ ಅದು ಪರೀಕ್ಷೆಯಂತೆ ಕೇಳಿಸಲಿಲ್ಲ.

ಜುಸಾರಾ ತಟ್ಟೆಯ ಮೇಲೆ ಬಗ್ಗಿ ಕಣ್ಣು ಮುಚ್ಚಿದಳು. "ದೋಣಿಯ ತಳ."

"ಅಣಬೆ."

"ಮಳೇಲಿ ನೆಂದ ನಾಯಿ, ಒಂಚೂರು."

"ಅದೂ ಅಣಬೇನೇ. ಮತ್ತೆ?"

"ಮಣ್ಣು. ಬೀಟ್‌ರೂಟ್ ಸರಿಯಾಗಿ ತೊಳೆದಿಲ್ಲ ನೀವು."

"ಅವಸರದಲ್ಲಿದ್ದೆ. ಮತ್ತೆ?"

ಜುಸಾರಾ ಇನ್ನೊಮ್ಮೆ ಮೂಸಿ ಹೇಳತೊಡಗಿದಳು. ಅವಳ ಊರಿನ ಅಂಗಳಗಳು, ಹಗ್ಗಗಳು, ಹಳೆಯ ಪೆಟ್ಟಿಗೆಗಳು ಒಂದೊಂದಾಗಿ ಬಂದವು. ಲಿಯೊಕಾದಿಯಾ ಅವನ್ನು ತನ್ನ ಬೆಳ್ಳುಳ್ಳಿಗೆ, ಮೆಣಸಿಗೆ, ತಾಯಿಯ ನೆಲಮಾಳಿಗೆಗೆ ಹೊಂದಿಸಿಕೊಳ್ಳುತ್ತ ನಿಧಾನವಾಗಿ ಕುಡಿದಳು. ತಾದೇವು ಮೀನಿನ ತಟ್ಟೆಯ ಮೇಲಿನ ಬಟ್ಟೆ ತೆಗೆದ. ಇನ್ನೂ ಹನ್ನೊಂದು ಬಗೆ ಉಳಿದಿದ್ದವು.